ಗುರುವಾರದ ಅಂಕಿ ಮತ್ತು ನಿನ್ನ ದೃಶ್ಯ

ಪುಟ್ಟಿ,

ಗುರುವಾರ ಬಂತೆಂದರೆ ನಿನಗೆ ಹೊಟ್ಟೆ ಹಿಡಿದುಕೊಳ್ಳುತ್ತದೆ, ಊಟ ಸೇರುವುದಿಲ್ಲ ಎಂದು ನಿಮ್ಮಮ್ಮ ಫೋನ್ ಮಾಡಿ ಹೇಳಿದಳು. ಸೀರಿಯಲ್ ಬರೆದು ಬದುಕುವವರಿಗೆ ಈ ಕಾಯಿಲೆ ಹೊಸದಲ್ಲ. ಅದು ಟಿಆರ್‌ಪಿ ಬರುವ ದಿನ. ಕೆಲಸ ಬಿಡಲೋ ಇರಲೋ ಎಂದು ನೀನು ಅವಳನ್ನು ಕೇಳಿದ್ದೀಯ, ಅವಳು ನನ್ನನ್ನು ಕೇಳಿದಳು. ಸಂಭಾಷಣೆ ಬರೆದೇ ಸಂಸಾರ ನಡೆಸಿದವಳು ನಾನು, ಹಾಗಾಗಿ ಒಂದೇ ಮಾತಿನಲ್ಲಿ ಉತ್ತರ ಹೇಳುತ್ತೇನೆಂದು ಅವಳ ನಿರೀಕ್ಷೆ. ಆದರೆ ಅದಕ್ಕಿಂತ ಮೊದಲು ನೀನೇ ಕೇಳಿಕೊಳ್ಳಬೇಕಾದದ್ದು ಒಂದಿದೆ: ಆ ಜಾಗ ನಿನ್ನಿಂದ ಏನನ್ನು ಕಸಿದುಕೊಳ್ಳುತ್ತಿದೆ?

ನಿದ್ದೆ, ಹೊತ್ತಿನ ಊಟ, ಭಾನುವಾರ ಹೋಗುತ್ತಿರುವುದು ನಿನಗೇ ಕಾಣುತ್ತಿದೆ. ಕಾಣದ ಹಾಗೆ ಹೋಗುವ ಇನ್ನೊಂದರ ಬಗ್ಗೆ ನನಗೆ ಹೆಚ್ಚು ಭಯ. ಬರೆದ ದೃಶ್ಯವನ್ನು ನಾಲ್ಕು ಜನ ನಾಲ್ಕು ದಿಕ್ಕಿಗೆ ತಿದ್ದಿಸುತ್ತಾರೆ. ಬೆಳಿಗ್ಗೆ ಚೆನ್ನಾಗಿದೆ ಎಂದವರೇ ಸಂಜೆ ಇದೇನಮ್ಮಾ ಹೀಗೆ ಬರೆದಿದ್ದೀಯ ಎನ್ನುತ್ತಾರೆ. ಹೀಗೇ ವರ್ಷ ಕಳೆದರೆ ಯಾವ ದೃಶ್ಯ ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ಹೇಳುವ ವಿವೇಚನೆಯೇ ಬರೆಯುವವಳಿಂದ ಹೊರಟುಹೋಗುತ್ತದೆ. ಸಾರಿನ ಉಪ್ಪು ಮತ್ತೆ ಮತ್ತೆ ನೋಡಿದ ನಾಲಿಗೆ ಕೆಡುವ ಹಾಗೆ. ಆಮೇಲೆ ಅವಳು ಯಾರು ಏನು ಹೇಳಿದರೂ ಬರೆದುಕೊಡುತ್ತಾಳೆ, ಜಗಳವನ್ನೂ ಆಡುವುದಿಲ್ಲ. ಈಗ ಪಳಗಿದಳು ಎಂದು ಯುನಿಟ್‌ನವರು ಮೆಚ್ಚಿಕೊಳ್ಳುತ್ತಾರೆ. ಹಾಗೆ ಪಳಗಿದ ಒಳ್ಳೊಳ್ಳೆಯ ಬರಹಗಾರರನ್ನು ನೋಡಿದ್ದೇನೆ. ಸೀರಿಯಲ್ ಮುಗಿದ ಮೇಲೆ ಅವರಿಗೆ ತಮ್ಮದೇ ಒಂದು ಕಥೆ ಬರೆಯಲು ಆಗಲಿಲ್ಲ. ನಿನ್ನ ವಿವೇಚನೆಯನ್ನು ಕಾಪಾಡಿಕೋ ಎನ್ನುವುದಕ್ಕಿಂತ ದೊಡ್ಡದನ್ನು ನಾನು ಹೇಳಲಾರೆ. ಮುಂದೆ ಹೇಳುವ ದುಡ್ಡು, ಕಾನೂನು, ಮೆಸೇಜು ಎಲ್ಲ ಅದಕ್ಕಾಗಿಯೇ.

ಮೊದಲು ಆ ಗುರುವಾರದ ಅಂಕಿಯನ್ನೇ ನೋಡೋಣ. ಟಿವಿ ನೋಡುವವರನ್ನು ಅಳೆಯುವ ಬಾರ್ಕ್ ಸಂಸ್ಥೆ 2015ರಿಂದ ವಾರ ವಾರ ಲೆಕ್ಕ ಕೊಡುತ್ತಿದೆ. ಅದರ ವಾರ ಶನಿವಾರ ಶುರುವಾಗಿ ಶುಕ್ರವಾರ ಮುಗಿಯುತ್ತದೆ, ಅಂಕಿ ಬರುವುದು ಅದರ ಮುಂದಿನ ಗುರುವಾರ. ಅಷ್ಟು ಹೊತ್ತಿಗೆ ಆ ವಾರದ ಸೋಮವಾರದ ಸಂಚಿಕೆ ಪ್ರಸಾರವಾಗಿ ಹತ್ತು ದಿನ ಆಗಿರುತ್ತದೆ, ನೀನು ಬರೆದು ಇನ್ನೂ ಹೆಚ್ಚು ದಿನ. 2025ರಲ್ಲಿ ಕೇಂದ್ರ ಸರ್ಕಾರವೇ ಹೇಳಿದ ಪ್ರಕಾರ ದೇಶದಲ್ಲಿ ಟಿವಿ ಇರುವ ಮನೆಗಳು ಸುಮಾರು 23 ಕೋಟಿ, ಅಳೆಯುವ ಮೀಟರ್ ಇರುವುದು ಸುಮಾರು 58,000 ಮನೆಗಳಲ್ಲಿ. ಅಂಕಿ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಜನ ಬರುತ್ತಿದ್ದಾರೋ ಹೋಗುತ್ತಿದ್ದಾರೋ ಎಂಬ ದಿಕ್ಕು ಅದರಲ್ಲಿ ಸಿಗುತ್ತದೆ, ಜಾಹೀರಾತಿನ ದರ ಅದರ ಮೇಲೆ ನಿಂತಿದೆ, ನಿನ್ನ ಸಂಭಾವನೆಯೂ ಅಲ್ಲಿಂದಲೇ ಬರುತ್ತದೆ. ಆದರೆ ಜನ ಏಕೆ ಹೋದರು ಎಂದು ಅದು ಹೇಳುವುದಿಲ್ಲ. ಆ ವಾರ ಐಪಿಎಲ್ ಇತ್ತೋ, ಎದುರಿನ ಚಾನೆಲ್‌ನಲ್ಲಿ ಮದುವೆಯ ಮಹಾಸಂಚಿಕೆ ಇತ್ತೋ, ಪ್ರಸಾರದ ಸಮಯ ಬದಲಾಗಿತ್ತೋ, ನಿನ್ನ ಸಂಭಾಷಣೆಯೇ ಸಪ್ಪೆಯಾಗಿತ್ತೋ, ಅದನ್ನು ಕೂತು ಯೋಚಿಸಿ ಹೇಳಬೇಕಾದದ್ದು ನಡೆಸುವವರ ಕೆಲಸ. ಅವರು ಯೋಚಿಸದೆ ಇವತ್ತಿನ ದೃಶ್ಯವನ್ನು ಹರಿದುಹಾಕಿದರೆ, ಅದಕ್ಕೂ ನಿನ್ನ ಬರವಣಿಗೆಯ ಯೋಗ್ಯತೆಗೂ ಸಂಬಂಧ ಕಲ್ಪಿಸಬೇಡ.

ಜನರ ಮುಖ ನೋಡಬೇಕೆಂದರೆ ಬೇರೆ ದಾರಿ ಇದೆ. ಊರಿಗೆ ಬಂದಾಗ ಪಕ್ಕದ ಮನೆಯಲ್ಲಿ ಕೂತು ನಿನ್ನ ಸಂಚಿಕೆಯನ್ನು ನೋಡು. ಟಿವಿಯನ್ನಲ್ಲ, ನೋಡುವವರನ್ನು ನೋಡು. ಅವರೆಕಾಯಿ ಸುಲಿಯುವ ಕೈ ಎಲ್ಲಿ ನಿಂತಿತು, ಎಲ್ಲಿ ಎದ್ದು ಒಲೆ ಆರಿಸಲು ಹೋದರು, ಯಾವ ಮಾತಿಗೆ ಸೊಸೆಯ ಕಡೆ ತಿರುಗಿದರು ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೋ. ನಾನು ಸಂಭಾಷಣೆ ಕಲಿತದ್ದು ಹೆಚ್ಚಾಗಿ ಹಾಗೆಯೇ.

ಇನ್ನೊಂದು ಮಾತು ನಿನಗೆ ಹಿಡಿಸದೇ ಇರಬಹುದು. ನೀನು ದೂರುವುದೆಲ್ಲ ಕೆಟ್ಟ ಆಡಳಿತವಲ್ಲ. ನಾಯಕಿಗೆ ಜ್ವರ ಬಂದರೆ ರಾತ್ರಿ ಕೂತು ಅವಳಿಲ್ಲದ ದೃಶ್ಯ ಬರೆಯಲೇಬೇಕು. ಮಳೆ ಬಂದರೆ ದೇವಸ್ಥಾನದ ದೃಶ್ಯ ಹಜಾರದೊಳಕ್ಕೆ ಬರುತ್ತದೆ. ಕಲಾವಿದರ ಡೇಟ್ ಸಿಗದಿದ್ದರೆ ಮಾವನವರನ್ನು ಕಾಶಿಗೆ ಕಳಿಸಬೇಕು. ವಾರಕ್ಕೆ ಐದಾರು ಸಂಚಿಕೆ ತೆಗೆಯುವ ಕೆಲಸಕ್ಕೆ ಈ ಅವಸರ ಹುಟ್ಟಿನಿಂದಲೇ ಬಂದಿದೆ, ಅವಸರದಲ್ಲೂ ಒಳ್ಳೆಯದು ಹುಟ್ಟಿದೆ. 1998ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಯಾಮೃಗ’ವೂ ದೈನಿಕ ಧಾರಾವಾಹಿಯೇ. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ಅದನ್ನು ಮಾಡಿದರು, ಅದನ್ನು ನೆನೆಯುವವರು ಇವತ್ತಿಗೂ ಸಿಗುತ್ತಾರೆ. ಕೆಟ್ಟ ಆಡಳಿತ ಅಂದರೆ ಬೇರೆ. ಕೊನೆಯ ಮಾತು ಯಾರದು ಎಂದು ಯಾರಿಗೂ ತಿಳಿಯದಿರುವುದು. ಒಪ್ಪಿದ ಒನ್‌ಲೈನನ್ನು ಒಪ್ಪಿದವರೇ ಮರೆಯುವುದು. ಎಪಿಸೋಡ್ ಬ್ಯಾಂಕ್ ಮಾಡಿಕೊಳ್ಳಲು ಸಮಯವಿದ್ದಾಗ ಸುಮ್ಮನಿದ್ದು, ಅದು ಮುಗಿದ ಮೇಲೆ ಬರಹಗಾರರ ಮೇಲೆ ಕೂಗಾಡುವುದು. ನಾನು ಕೆಲಸ ಮಾಡಿದ ಒಂದು ಕಡೆ ಒಂದೇ ಸಂಚಿಕೆಯನ್ನು ಮೂವರಿಂದ, ಒಬ್ಬರದು ಇನ್ನೊಬ್ಬರಿಗೆ ಗೊತ್ತಾಗದ ಹಾಗೆ ಬರೆಸಿ, ಮೂರರಿಂದಲೂ ತುಂಡು ಕಿತ್ತು ಜೋಡಿಸುತ್ತಿದ್ದರು. ಗೊತ್ತಾದ ದಿನ ನಾವು ಮೂವರೂ ಒಟ್ಟಿಗೆ ಹೋಗಿ, ಯಾರು ಯಾವ ದಿನದ ಸಂಚಿಕೆ ಬರೆಯಬೇಕೆಂದು ಅವರ ಕೈಯಿಂದಲೇ ಬರೆಸಿಕೊಂಡು ಬಂದೆವು. ಮೊದಲ ಬಗೆಯ ಕಷ್ಟವನ್ನು ನಗುತ್ತಾ ಹೊರು. ಎರಡನೆಯದಕ್ಕೆ ಉಪಾಯ ಬೇಕು.

ಉಪಾಯದಲ್ಲಿ ದೊಡ್ಡದು, ತಿದ್ದುಪಡಿ ಕೇಳುವ ರೀತಿ. ಚಾನೆಲ್‌ನ ಇಪಿ, ಅಂದರೆ ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್, ಒಂದು ಮಾತು ಹೇಳಿದರೆ ಅದರಲ್ಲಿ ಎರಡು ಇರುತ್ತವೆ: ಅವರಿಗೆ ಕಂಡ ಕೊರತೆ ಒಂದು, ಅವರಿಗೆ ತೋಚಿದ ಮದ್ದು ಇನ್ನೊಂದು. ಕೊರತೆ ಬಹುಪಾಲು ನಿಜವೇ ಆಗಿರುತ್ತದೆ. ಮದ್ದು ಬಹುಪಾಲು ತಪ್ಪು. ಕಳೆದ ತಿಂಗಳು ನೀನು ನನಗೆ ಓದಿ ಹೇಳಿದ ಆ ಅಡವಿನ ಚೀಟಿಯ ದೃಶ್ಯ ತೆಗೆದುಕೋ. ಬೀರುವಿನಲ್ಲಿ ಅತ್ತೆಗೆ ಚೀಟಿ ಸಿಗುತ್ತದೆ, ಸೊಸೆ ಬಳೆ ಅಡವಿಟ್ಟದ್ದು ಗೊತ್ತಾಗುತ್ತದೆ, ಇಬ್ಬರೂ ಮಾತಾಡುತ್ತಾರೆ. “ಬೋರಿಂಗ್ ಆಗಿದೆ, ಅತ್ತೆ ಕೆನ್ನೆಗೆ ಬಾರಿಸಲಿ” ಎಂದರು ಅವರು. ನೀನು ಅಳುತ್ತಾ ಬರೆದುಕೊಟ್ಟೆ. ಬೋರಿಂಗ್ ಎಂದದ್ದನ್ನು ಮಾತ್ರ ಇಟ್ಟುಕೊಂಡು ಯೋಚಿಸಿ ನೋಡು. ಏಕೆ ಬೋರ್? ಗುಟ್ಟು ಹೊರಬಿದ್ದರೆ ಸೊಸೆ ಕಳೆದುಕೊಳ್ಳುವುದು ಏನೆಂದು ನೋಡುವವರಿಗೆ ಗೊತ್ತಿಲ್ಲ. ಅದರ ಹಿಂದಿನ ದೃಶ್ಯದಲ್ಲೇ ನಾದಿನಿ ಬಂದು, ನಾಳೆ ನಿಶ್ಚಿತಾರ್ಥಕ್ಕೆ ಅತ್ತಿಗೆಯ ಬಳೆಯನ್ನೇ ಹಾಕಿಕೊಳ್ಳುತ್ತೇನೆ ಎಂದು ಹೇಳಿಹೋಗಲಿ. ಈಗ ಚೀಟಿ ಸಿಕ್ಕಾಗ ಅತ್ತೆ ಕೈ ಎತ್ತಬೇಕಾಗಿಲ್ಲ. ಅವಳು ಚೀಟಿಯನ್ನು ಮಡಿಸಿ ಸೆರಗಿಗೆ ಗಂಟು ಹಾಕಿಕೊಂಡು, “ನಾಳೆ ಬೆಳಿಗ್ಗೆ ಬಳೆ ತೆಗೆದಿಡು, ಮಗು ಕೇಳ್ತಿದ್ದಾಳೆ” ಎಂದರೆ ಸಾಕು. ಸಂಚಿಕೆಯ ಕೊನೆಗೆ ಫ್ರೀಜ್ ಮಾಡಲು ಸೊಸೆಯ ಮುಖ ಸಿಕ್ಕಿತು. ಹೀಗೆ ಬರೆದು, “ಸರ್, ನೀವು ಹೇಳಿದ ಹಾಗೆ ದೃಶ್ಯ ಏರಬೇಕಿತ್ತು, ಏರಿಸಿದ್ದೇನೆ, ಓದಿ” ಎಂದು ಕಳಿಸು. ಹತ್ತರಲ್ಲಿ ನಾಲ್ಕು ಸಲ ಒಪ್ಪಿಕೊಳ್ಳುತ್ತಾರೆ. ಉಳಿದ ಸಲ ಕೆನ್ನೆಗೆ ಬಾರಿಸುವುದನ್ನೇ ಬರೆಯಬೇಕಾಗುತ್ತದೆ. ಬರಿ. ಆದರೆ ನಿನ್ನ ದೃಶ್ಯ ತಾರೀಖಿನ ಜೊತೆ ನಿನ್ನ ಕಂಪ್ಯೂಟರ್‌ನಲ್ಲಿ ಬೇರೆ ಕಡತವಾಗಿ ಉಳಿಯಲಿ. ಆರು ತಿಂಗಳ ಮೇಲೆ ತೆಗೆದು ಓದಿದಾಗ, ನಿನ್ನದು ಎಲ್ಲಿ ಮೇಲಾಗಿತ್ತು, ಎಲ್ಲಿ ಅವರು ಹೇಳಿದ್ದೇ ಸರಿಯಾಗಿತ್ತು ಎಂದು ಕೋಪವಿಲ್ಲದೆ ತಿಳಿಯುತ್ತದೆ. ವಿವೇಚನೆ ಬೆಳೆಯುವುದು ಆ ಓದಿನಲ್ಲಿ.

ಪ್ರತಿ ಸಾಲಿಗೂ ಹೋರಾಡಬೇಡ. ವಾರಕ್ಕೆ ಒಂದು ದೃಶ್ಯ ಆರಿಸಿಕೋ, ಅದಕ್ಕೆ ಗಟ್ಟಿಯಾಗಿ ನಿಲ್ಲು. ಉಳಿದದ್ದರಲ್ಲಿ ಸಡಿಲ ಬಿಡು. ಎಲ್ಲಕ್ಕೂ ವಾದ ಮಾಡುವವಳ ಮಾತು ನಿಜವಾಗಿ ಬೇಕಾದ ದಿನ ಯಾರಿಗೂ ಕೇಳಿಸುವುದಿಲ್ಲ.

ಫೋನಿನಲ್ಲಿ ಹೇಳಿದ್ದನ್ನು ಬರಹಕ್ಕೆ ತರುವುದನ್ನು ಇವತ್ತಿನಿಂದಲೇ ರೂಢಿ ಮಾಡಿಕೋ. ಮಾತು ಮುಗಿದ ಐದು ನಿಮಿಷದಲ್ಲಿ ವಾಟ್ಸಾಪ್‌ನಲ್ಲಿ, “ಈಗ ಮಾತಾಡಿಕೊಂಡದ್ದು: ಮೂರನೆಯ ದೃಶ್ಯದಿಂದ ಮಾವ ಬೇಡ, ಚೀಟಿ ಶುಕ್ರವಾರಕ್ಕೆ ಹೋಗುತ್ತದೆ. ಇದರಂತೆ ಬರೆಯುತ್ತೇನೆ” ಎಂದು ಹಾಕು. ನಿರ್ದೇಶಕರಿಗೂ ಅದೇ ಮೆಸೇಜ್ ಹೋಗಲಿ. ಸಿಕ್ಕಿಹಾಕಿಸುವುದಕ್ಕಲ್ಲ ಅದು. ಬರಹದಲ್ಲಿ ಕಂಡಾಗ ಹೇಳಿದವರಿಗೇ ತಾವು ಹೇಳಿದ್ದು ಏನೆಂದು ತಿಳಿಯುತ್ತದೆ, ಅರ್ಧ ಗೊಂದಲ ಅಲ್ಲೇ ಕರಗುತ್ತದೆ. ಇಬ್ಬರು ಎರಡು ಬಗೆಯಾಗಿ ಹೇಳಿದರೆ ನೀನು ನಡುವೆ ನಿಂತು ಎರಡನ್ನೂ ಬೆರೆಸಬೇಡ. “ಇಬ್ಬರೂ ಮಾತಾಡಿಕೊಂಡು ಒಂದನ್ನು ಹೇಳಿ, ಒಂದು ಗಂಟೆಯಲ್ಲಿ ಬರೆದುಕೊಡುತ್ತೇನೆ” ಎನ್ನು. ಮರ್ಯಾದೆಯಿಂದ ಹೇಳಿದ ಈ ಮಾತಿಗೆ ಯಾರೂ ಕೆಲಸದಿಂದ ತೆಗೆಯುವುದಿಲ್ಲ.

ಆದರೆ ಸೆಟ್‌ನಲ್ಲಿ ಎಲ್ಲರೆದುರು “ನಿನಗೆ ಬರೆಯೋಕೆ ಬರಲ್ಲ” ಎಂದರಲ್ಲ, ಅದು ತಿದ್ದುಪಡಿಯ ಲೆಕ್ಕಕ್ಕೆ ಬರುವುದಿಲ್ಲ. ಮತ್ತೆ ಹಾಗಾದರೆ ಅವತ್ತೇ, ಅಂದವರು ಒಬ್ಬರೇ ಇದ್ದಾಗ ಹೋಗಿ, “ದೃಶ್ಯದಲ್ಲಿ ಏನು ತಪ್ಪಿದೆ ಹೇಳಿ, ತಿದ್ದುತ್ತೇನೆ. ಎಲ್ಲರೆದುರು ಹಾಗೆ ಅನ್ನಬೇಡಿ” ಎಂದು ಹೇಳು. ಧ್ವನಿ ಎತ್ತಬೇಡ, ಕ್ಷಮೆಯನ್ನೂ ಕೇಳಬೇಡ. ಇನ್ನು, ಡಿಸ್ಕಷನ್ ಎಂದು ರಾತ್ರಿ ಒಬ್ಬಳನ್ನೇ ಕರೆಯುವುದು, ಮೈಮೇಲೆ ಕೈ ಹಾಕುವುದು, ಕೊಂಕು ಮೆಸೇಜ್ ಕಳಿಸುವುದು ಶುರುವಾದರೆ ಅಲ್ಲಿ ಉಪಾಯದ ಮಾತೇ ಇಲ್ಲ. ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧದ 2013ರ ಕಾಯ್ದೆ ಕಾಂಟ್ರಾಕ್ಟ್ ಮೇಲೆ ಬರೆಯುವವಳಿಗೂ ಅನ್ವಯಿಸುತ್ತದೆ. ಹತ್ತು ಜನರಿಗಿಂತ ಕಡಿಮೆ ಇರುವ ಕಡೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು, ಹೆಚ್ಚಿದ್ದರೆ ಸಂಸ್ಥೆಯಲ್ಲೇ ಆಂತರಿಕ ಸಮಿತಿ ಇರಬೇಕು. ಮೂರು ತಿಂಗಳೊಳಗೆ ದೂರು ಹೋಗಬೇಕು. ನನಗೆ ಫೋನ್ ಮಾಡು, ನಾನೇ ಬರುತ್ತೇನೆ.

ಇನ್ನು ನಿನ್ನ ರಾತ್ರಿಯ ಚಿಂತೆಯ ಮಾತು. ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು ಓದು. 1979ರ ಕಾದಂಬರಿ. ಚಿತ್ತಾಲರೂ ಮುಂಬೈಯ ಕಂಪನಿಯಲ್ಲಿ ದುಡಿದವರು, ಆಫೀಸಿನ ಒಳಸಂಚು ಅವರಿಗೆ ಒಳಗಿನಿಂದ ಗೊತ್ತಿತ್ತು. ಅದರ ನಾಯಕ, ಕೆಲಸದಿಂದ ಅಮಾನತಾದ ನಾಗಪ್ಪ, ಯಾರ ಮಾತಿಗೆ ಏನು ಅರ್ಥ, ಯಾರು ಯಾರ ಕಡೆ ಎಂದು ಹಗಲಿರುಳು ಲೆಕ್ಕ ಹಾಕುತ್ತಾನೆ. ಆ ಲೆಕ್ಕವೇ ಅವನನ್ನು ಒಳಗಿನಿಂದ ಕೊರೆಯುತ್ತದೆ. ನೀನೂ ಈಗ ಇಪಿಗೆ ಕಳಿಸಿದ ಮೆಸೇಜಿಗೆ ನೀಲಿ ಟಿಕ್ ಬಂದು ಉತ್ತರ ಬರಲಿಲ್ಲ ಏಕೆ, ಸಭೆಗೆ ಕರೆಯಲಿಲ್ಲ ಏಕೆ ಎಂದು ರಾತ್ರಿಯೆಲ್ಲ ಅದನ್ನೇ ಮಾಡುತ್ತಿದ್ದೀಯ. ಅವರು ಉತ್ತರಿಸದೆ ಇದ್ದದ್ದಕ್ಕೆ ಕಾರಣ ಹೆಚ್ಚಾಗಿ ಅವರ ತಲೆಯ ಮೇಲೆ ಇನ್ನೊಬ್ಬರು ಕೂಗುತ್ತಿರುವುದು, ಅಷ್ಟೆ. ರಾತ್ರಿ ಹತ್ತರ ಮೇಲೆ ಆ ಗ್ರೂಪನ್ನು ಮ್ಯೂಟ್ ಮಾಡು. ಮರುದಿನ ಬೆಳಿಗ್ಗೆ ಏಳಕ್ಕೆ ಕಾಲ್‌ಶೀಟ್ ಇದ್ದರೆ ಫೋನ್ ಮಾಡಲಿ, ಎತ್ತಿಕೋ.

ದುಡ್ಡಿನ ಮಾತಿಗೆ ಬರುತ್ತೇನೆ, ಏಕೆಂದರೆ ಕೈಯಲ್ಲಿ ಕಾಸಿಲ್ಲದವಳಿಗೆ ಬೇಡ ಎನ್ನುವ ಧೈರ್ಯ ಬರುವುದಿಲ್ಲ. ಸಂಚಿಕೆಗೆ ಇಷ್ಟು ಎಂದು ಬಾಯಲ್ಲಿ ಹೇಳಿದ್ದು ಸಾಲದು, ಬರಹದಲ್ಲಿ ಇರಲಿ. ಬರೆದೂ ಪ್ರಸಾರವಾಗದ ಸಂಚಿಕೆಗೆ, ಚಾನೆಲ್ ತಿರಸ್ಕರಿಸಿ ಮತ್ತೆ ಬರೆಸಿದ ಸಂಚಿಕೆಗೆ ಎಷ್ಟು ಎಂಬುದೂ ಇರಲಿ. ಚಾನೆಲ್‌ನಿಂದ ಬಂದಿಲ್ಲ, ಬಂದ ಕೂಡಲೇ ಕೊಡುತ್ತೇವೆ ಎಂದು ನಿಮ್ಮ ಪ್ರೊಡಕ್ಷನ್‌ನವರು ಮೂರು ತಿಂಗಳಿಂದ ಹೇಳುತ್ತಿದ್ದಾರಂತೆ. ಉದ್ಯಮ್ ನೋಂದಣಿ ಎಂದು ಇದೆ. ಆನ್‌ಲೈನ್‌ನಲ್ಲಿ ಆಗುತ್ತದೆ, ಶುಲ್ಕವಿಲ್ಲ, ಸೇವೆ ಒದಗಿಸುವ ಸಣ್ಣವರಿಗೂ ಇದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಹಾಗೆ ನೋಂದಾಯಿಸಿಕೊಂಡವರಿಗೆ ದುಡ್ಡು ಕೊಡಲು ಒಪ್ಪಂದದಲ್ಲಿ 45 ದಿನಕ್ಕಿಂತ ಹೆಚ್ಚು ವಾಯಿದೆ ಹಾಕುವಂತಿಲ್ಲ, ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನೀನು ಕೇಸು ಹಾಕದಿದ್ದರೂ, ಬಿಲ್ಲಿನ ಕೆಳಗೆ ಆ ನೋಂದಣಿ ಸಂಖ್ಯೆ ಕಂಡರೆ ಅಕೌಂಟೆಂಟ್‌ಗೆ ನೆನಪು ಬರುತ್ತದೆ. ಟಿಡಿಎಸ್ ಎಂದು ಶೇ 10 ಹಿಡಿದುಕೊಂಡಿದ್ದರೆ ಅದು ನಿನ್ನ ಪ್ಯಾನ್‌ಗೆ ಜಮೆಯಾಗಿದೆಯೇ ಎಂದು ತೆರಿಗೆ ಪೋರ್ಟಲ್‌ನಲ್ಲಿ ನೋಡು. ಜಮೆ ಆಗದಿದ್ದರೆ ಬರಹದಲ್ಲಿ ಕೇಳು. ಬಂದ ದುಡ್ಡಿನಲ್ಲಿ ಪಿಜಿ ಬಾಡಿಗೆ, ಊಟ, ಬಸ್ಸು ಸೇರಿ ಆರು ತಿಂಗಳಿಗೆ ಆಗುವಷ್ಟನ್ನು ಬೇರೆ ಖಾತೆಯಲ್ಲಿ ಇಡುತ್ತಾ ಹೋಗು. ಆ ಖಾತೆ ತುಂಬುವವರೆಗೆ ಹೊಸ ಫೋನ್ ಬೇಡ.

ನಿನ್ನ ಒಪ್ಪಂದವನ್ನು ನೀನು ಓದಿಯೇ ಇಲ್ಲ ಎಂದು ಕೇಳಿ ನನಗೆ ಬೇಸರವಾಯಿತು. 1957ರ ಕೃತಿಸ್ವಾಮ್ಯ ಕಾಯ್ದೆ ನಿನ್ನಂಥವರ ಪರವಾಗಿ ಸಾಕಷ್ಟು ಹೇಳುತ್ತದೆ. ಸಂಬಳದ ನೌಕರಳಾಗಿ ಬರೆದದ್ದು ಮಾಲೀಕರದು. ಸಂಚಿಕೆ ಲೆಕ್ಕದಲ್ಲಿ ಹೊರಗಿನಿಂದ ಬರೆದುಕೊಟ್ಟದ್ದರ ಹಕ್ಕು ನೀನು ಬರಹದಲ್ಲಿ ವಹಿಸಿಕೊಡುವವರೆಗೆ ಸಾಮಾನ್ಯವಾಗಿ ನಿನ್ನದೇ. ವಹಿಸಿಕೊಟ್ಟ ಪತ್ರದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ. ಅದಕ್ಕೇ ಅವರು ಎಲ್ಲ ಮಾಧ್ಯಮ, ಇಡೀ ಜಗತ್ತು, ಶಾಶ್ವತವಾಗಿ ಎಂದು ಬರೆಸಿರುತ್ತಾರೆ. ಹಕ್ಕನ್ನೆಲ್ಲ ಕೊಟ್ಟ ಮೇಲೂ ಇದನ್ನು ಬರೆದವಳು ನಾನು ಎಂದು ಹೇಳಿಕೊಳ್ಳುವ ಹಕ್ಕು 57ನೇ ಕಲಮಿನಂತೆ ನಿನ್ನಲ್ಲೇ ಉಳಿಯುತ್ತದೆ. ಟೈಟಲ್ ಕಾರ್ಡಿನಲ್ಲಿ ಹೆಸರು ಬಾರದಿದ್ದರೆ ಸುಮ್ಮನಿರಬೇಡ. ಇದನ್ನೆಲ್ಲ ಹೇಳಿದ್ದು ಇನ್ನೊಂದು ಕಾರಣಕ್ಕೆ. ಅಜ್ಜಿಯ ಕಥೆಯನ್ನಿಟ್ಟುಕೊಂಡು ಕಾದಂಬರಿ ಬರೆಯಬೇಕು ಎಂದಿದ್ದೆಯಲ್ಲ, ಸೀರಿಯಲ್ಲಿನ ಕಥೆ ಬರಿದಾದ ದಿನ ಅದನ್ನು ಸಭೆಯಲ್ಲಿ ಬಾಯಿ ಬಿಟ್ಟು ಸುರಿದುಬಿಡಬೇಡ. ಸಂಚಿಕೆಗೆ ಬೇಕಾದ ತಿರುವುಗಳನ್ನು ದಿನಕ್ಕೆ ಹತ್ತು ಹುಟ್ಟಿಸಬಲ್ಲೆ. ಅದು ಒಂದೇ ಇರುವುದು.

ಮಾಸ್ತಿಯವರ ಬದುಕನ್ನು ಇಲ್ಲಿ ನೆನೆಯುತ್ತೇನೆ. ಮೈಸೂರು ಸರ್ಕಾರದಲ್ಲಿ ದೊಡ್ಡ ಹುದ್ದೆಗಳಲ್ಲಿ ದುಡಿದವರು. ತಮಗಿಂತ ಕಿರಿಯರನ್ನು ಮೇಲಕ್ಕೇರಿಸಿದಾಗ 1943ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು, ಐವತ್ತು ದಾಟಿದ ವಯಸ್ಸಿನಲ್ಲಿ. ಆಮೇಲೆ ‘ಜೀವನ’ ಪತ್ರಿಕೆಯನ್ನು ಎರಡು ದಶಕ ನಡೆಸಿದರು, 1956ರಲ್ಲಿ ‘ಚಿಕವೀರ ರಾಜೇಂದ್ರ’ ಬಂತು, 1983ರಲ್ಲಿ ಜ್ಞಾನಪೀಠ. ರಾಜೀನಾಮೆಯ ಕಥೆಯನ್ನು ಎಲ್ಲರೂ ಹೇಳುತ್ತಾರೆ, ನಾನು ನೋಡುವುದು ಅದಕ್ಕಿಂತ ಹಿಂದಿನದನ್ನು. ಅಧಿಕಾರದಲ್ಲಿ ಇದ್ದಷ್ಟು ಕಾಲವೂ ಅವರು ಕಥೆ ಬರೆಯುತ್ತಲೇ ಇದ್ದರು. ಕೆಲಸ ಬಿಟ್ಟ ದಿನ ಅವರು ಬರಿಗೈಯಲ್ಲಿ ಮನೆಗೆ ಬರಲಿಲ್ಲ. ಜಯಂತ ಕಾಯ್ಕಿಣಿ ಮುಂಬೈಯಲ್ಲಿ ಔಷಧ ಕಂಪನಿಯಲ್ಲಿ ವರ್ಷಗಟ್ಟಲೆ ಇದ್ದುಕೊಂಡೇ ಕಥೆ ಬರೆದರು. ಇವರಿಬ್ಬರಿಗೂ ಒಂದು ಅನುಕೂಲವಿತ್ತು: ಹೊಟ್ಟೆಪಾಡಿನ ಕೆಲಸ ಬೇರೆ ಬಗೆಯದು, ಸಂಜೆಗೆ ಮಾತು ದಣಿದಿರುತ್ತಿರಲಿಲ್ಲ. ಹಗಲೆಲ್ಲ ಮಾತನ್ನೇ ಮಾರುವವಳು ನೀನು, ನಿನಗೆ ಅದು ಕಷ್ಟ. ಅದಕ್ಕೇ ಬೆಳಿಗ್ಗೆ ಫೋನ್ ಮುಟ್ಟುವ ಮೊದಲು ಅರ್ಧ ಗಂಟೆ ನಿನ್ನದನ್ನು ಬರಿ. ಬರೆಯಲಾಗದ ದಿನ ಒಂದು ನಾಟಕ ಓದು. ಸೀರಿಯಲ್‌ಗೆ ಉಪಯೋಗವಾಗುತ್ತದೆಯೇ ಎಂದು ನೋಡಬೇಡ.

ಹೊಟ್ಟೆ ಹಿಡಿದುಕೊಳ್ಳುವುದನ್ನು ಹಗುರ ಮಾಡಬೇಡ. ಕೆಲಸದ ಒತ್ತಡ ದೀರ್ಘಕಾಲ ಹಾಗೇ ಉಳಿದಾಗ ಆಗುವ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ವರ್ಗೀಕರಣದಲ್ಲಿ ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನ ಎಂದು ಹೆಸರಿಸಿದೆ. ನಿನ್ನ ಮನಸ್ಸು ದುರ್ಬಲವಾಯಿತು ಎಂದು ನಾಚಿಕೆ ಪಡಬೇಡ. ಊಟ ನಿದ್ದೆ ಎರಡು ವಾರಕ್ಕೂ ಸರಿಹೋಗದಿದ್ದರೆ, ಬದುಕೇ ಬೇಡ ಎಂಬ ಯೋಚನೆ ಒಂದು ಸಲ ಬಂದರೂ, 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್, ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಹಾನ್ಸ್ ಕೂಡ ನೀನು ಕೆಲಸ ಮಾಡುವ ಊರಲ್ಲೇ ಇದೆ.

ಈಗ ನಿನ್ನ ಪ್ರಶ್ನೆಗೆ ಬಂದೆ. ಬೇಸರವಾಗಿದೆ ಎಂಬುದೊಂದಕ್ಕೇ ಬಿಡಬೇಡ. ಎರಡು ಗುರುತು ನೋಡಿಕೋ. ಬೇರೆಯವರ ಒಳ್ಳೆಯ ದೃಶ್ಯ ನೋಡಿದಾಗ ಅದು ಏಕೆ ಒಳ್ಳೆಯದು ಎಂದು ಹೇಳಲು ನಿನಗೆ ಬಾರದೆ ಹೋದರೆ ಒಂದು. ಹೊಸದಾಗಿ ಸೇರಿದ ಹುಡುಗನಿಗೆ, ಇಪಿ ನಿನಗೆ ಹೇಳುವ ಧಾಟಿಯಲ್ಲೇ ನೀನು ಹೇಳಲು ಶುರುಮಾಡಿದರೆ ಇನ್ನೊಂದು. ಇವೆರಡರಲ್ಲಿ ಯಾವುದು ಕಂಡರೂ ಆರು ತಿಂಗಳ ಖಾತೆ ಅರ್ಧ ತುಂಬಿದ್ದರೂ ಸರಿ, ಹೊರಟುಬಿಡು. ಕಾಣದಿದ್ದರೆ ದೀಪಾವಳಿಯವರೆಗೆ ಇರು, ಅಷ್ಟರಲ್ಲಿ ಮುಂದಿನದನ್ನು ನೋಡಿಕೋ. ಬಿಡುತ್ತೇನೆ ಬಿಡುತ್ತೇನೆ ಎಂದು ಯುನಿಟ್‌ನಲ್ಲಿ ಹೇಳಿಕೊಂಡು ತಿರುಗಬೇಡ. ಒಪ್ಪಿಕೊಂಡ ಸಂಚಿಕೆಗಳನ್ನು ಮುಗಿಸಿ, ಬಾಕಿ ಎಷ್ಟು ಎಂದು ಪಟ್ಟಿ ಮಾಡಿ ಇಮೇಲ್ ಕಳಿಸಿ, ಆಮೇಲೆ ಹೇಳು. ಬರೆಯುವ ಕೆಲಸ ಸೀರಿಯಲ್ ಒಂದರಲ್ಲೇ ಇಲ್ಲ. 2020ರ ಲಾಕ್‌ಡೌನ್ ಕಾಲದಿಂದ ಡಬ್ಬಿಂಗ್ ಧಾರಾವಾಹಿಗಳು ಕನ್ನಡ ಚಾನೆಲ್‌ಗಳಿಗೆ ಬಂದ ಮೇಲೆ ತುಟಿಗೆ ಹೊಂದುವ ಸಂಭಾಷಣೆ ಬರೆಯುವವರಿಗೆ ಬೇಡಿಕೆ ಇದೆ. ಆಡಿಯೊ ಕಥೆಗಳಿವೆ, ಮಕ್ಕಳ ಪುಸ್ತಕಗಳಿವೆ. ದಿನಕ್ಕೊಂದು ಸಂಚಿಕೆ ಬರೆದ ಕೈ ಇದು, ಎಲ್ಲಿ ಹೋದರೂ ನಿನ್ನ ವೇಗ ನೋಡಿ ಬೆರಗಾಗುತ್ತಾರೆ.

ಈ ವಾರ ಮಾಡಬೇಕಾದದ್ದು ಇಷ್ಟು. ಒಪ್ಪಂದದ ಪ್ರತಿಯನ್ನು ಸ್ಕ್ಯಾನ್ ಮಾಡಿ ನನಗೆ ಕಳಿಸು, ಇಬ್ಬರೂ ಫೋನಿನಲ್ಲಿ ಸಾಲು ಸಾಲಾಗಿ ಓದೋಣ. ಬಾಕಿ ಇರುವ ಸಂಚಿಕೆಗಳ ಸಂಖ್ಯೆ ಮತ್ತು ಪ್ರಸಾರವಾದ ತಾರೀಖು ಒಂದು ಹಾಳೆಯಲ್ಲಿ ಬರಿ. ಅಡವಿನ ಚೀಟಿಯ ದೃಶ್ಯವನ್ನು ನಿನಗೆ ಬೇಕಾದ ಹಾಗೆ ಮತ್ತೆ ಬರೆದು ಅದನ್ನೂ ಕಳಿಸು, ನಾದಿನಿ ಬರುವ ಜಾಗ ಇನ್ನೂ ಮುಂಚೆ ಇರಬೇಕೇನೋ ಎಂದು ನನಗೆ ಅನಿಸುತ್ತಿದೆ.

ನಿನ್ನ
ದೊಡ್ಡಮ್ಮ